ಶಹಬ್ಬಾಸ್: ಯಾವ ಭಾಷೆಯದು, ಏನರ್ಥ?

'ಶಹಬ್ಬಾಸ್' ಪಾರಸಿಯಿಂದ ಬಂದದ್ದು. ಮೂಲದಲ್ಲಿ ಎರಡು ಪದ. 'ಶಾದ್' ಅಂದರೆ ಖುಷಿ, 'ಬಾಷ್' ಅಂದರೆ ಇರು. ಖುಷಿಯಾಗಿರು, ಅಷ್ಟೇ ಅರ್ಥ. ಎರಡೂ ಕೂಡಿ ಬಾಯಲ್ಲಿ ಸವೆದು 'ಶಾಬಾಷ್' ಆಯ್ತು. ನಾವು ನಡುವೆ ಒಂದು 'ಹ' ಸೇರಿಸಿ ಬರೆಯುತ್ತೇವಲ್ವಾ, ಅದನ್ನು ನೋಡಿದರೆ ರಾಜನ 'ಶಹಾ' ಇದರಲ್ಲಿ ಇರುವ ಹಾಗೆ ಕಾಣುತ್ತದೆ. ಆದರೆ ರಾಜನಿಗೂ ಇದಕ್ಕೂ ಸಂಬಂಧವಿಲ್ಲ.

ಶಾದ್‌ನ ಬೇರು ತುಂಬಾ ಹಳೆಯದು. ಸುಮಾರು 2500 ವರ್ಷಗಳ ಹಿಂದೆ ಪರ್ಷಿಯಾವನ್ನು ಆಳಿದ ಡೇರಿಯಸ್‌ನ ಶಾಸನದಲ್ಲಿ, ಭೂಮಿ, ಆಕಾಶ, ಮನುಷ್ಯನನ್ನು ಮಾಡಿದ ದೇವರು ಮನುಷ್ಯನಿಗೆ 'ಶಿಯಾತಿ'ಯನ್ನೂ ಮಾಡಿಕೊಟ್ಟ ಅಂತ ಬರುತ್ತದೆ. ಶಿಯಾತಿ ಅಂದರೆ ಸುಖ, ಸಂತೋಷ. ಭೂಮಿ ಆಕಾಶಗಳ ಸಾಲಿನಲ್ಲೇ ಸಂತೋಷವನ್ನೂ ಎಣಿಸಿದ್ದಾರೆ, ನೋಡಿ!

ನಮ್ಮ ಕಡೆ ಪಾರಸಿಯ ಓಡಾಟ ಹೊಸದಲ್ಲ. 1347ರಲ್ಲಿ ಬಹಮನಿ ಆಳ್ವಿಕೆ ಶುರುವಾಗಿ ಕಲಬುರಗಿ ಅದರ ರಾಜಧಾನಿಯಾಯ್ತು, ಆಮೇಲೆ ವಿಜಯಪುರದ ಆದಿಲ್ ಶಾಹಿಗಳು, ಇತ್ತ ಮೈಸೂರಲ್ಲಿ ಹೈದರ್, ಟಿಪ್ಪು. ದರ್ಬಾರು, ಗುಮಾಸ್ತ, ಬಂದೋಬಸ್ತು, ಅಷ್ಟೇ ಏಕೆ, ಖುಷಿ ಕೂಡ ಪಾರಸಿಯದೇ. ಶಹಬ್ಬಾಸ್‌ಗೆ ನಾವು 'ಗಿರಿ' ಅನ್ನೋ ಬಾಲವನ್ನೂ ಅಂಟಿಸಿ ಶಹಬ್ಬಾಸ್‌ಗಿರಿ ಮಾಡಿಕೊಂಡೆವು. ಆ ಬಾಲವೂ ಪಾರಸಿಯದು!

ನನಗೆ ತುಂಬಾ ಇಷ್ಟವಾಗುವುದು ಈ ಪದದ ಒಳಗಿರುವ ಹಾರೈಕೆ. 'ಚೆನ್ನಾಗಿದೆ' ಅಂದರೆ ಮಾಡಿದ ಕೆಲಸವನ್ನು ಅಳೆದ ಹಾಗಾಯ್ತು. ಶಹಬ್ಬಾಸ್ ಮಾಡಿದವರಿಗೇ ಸೇರುತ್ತದೆ. ಅದಕ್ಕೇ ಕೆಲಸ ಮುಗಿಯುವವರೆಗೂ ಕಾಯಬೇಕಿಲ್ಲ. ಸಂಗೀತ ಕಛೇರಿಯಲ್ಲಿ ಮೃದಂಗದವರು ಕಷ್ಟದ ಲೆಕ್ಕಾಚಾರವೊಂದನ್ನು ತಾಳ ತಪ್ಪದೆ ತಂದು ನಿಲ್ಲಿಸಿದ ಕೂಡಲೇ, ಪಕ್ಕದಲ್ಲಿ ಹಾಡುವವರೇ ತಲೆದೂಗಿ 'ಶಭಾಷ್', 'ಭೇಷ್' ಅಂತಾರೆ, ಅದು ಕಿವಿಗೆ ಬಿದ್ದ ಮೇಲೆ ಮುಂದಿನ ಆವರ್ತದಲ್ಲಿ ಕೈ ಇನ್ನೂ ಧೈರ್ಯವಾಗಿ ಓಡುತ್ತದೆ. ಕಲಿಯುವ ಮಕ್ಕಳಿಗಂತೂ ಇದು ನಡುವೆಯೇ ಸಿಗಬೇಕು. ಬಹುಮಾನ ಕೊಡುವ ದಿನಕ್ಕೆ ಅಂತ ಎತ್ತಿಟ್ಟರೆ ಅಷ್ಟರಲ್ಲಿ ಎಷ್ಟೋ ಮಕ್ಕಳು ಬಿಟ್ಟೇ ಹೋಗಿರುತ್ತಾರೆ.

ಇರಾನಿನಲ್ಲಿ ಈ ಪದ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಮದುವೆಯಲ್ಲಿ ಕುಣಿಯುವವರ ಮೇಲೆ ತೂರುವ ಹಣಕ್ಕೇ ಶಾಬಾಷ್ ಅನ್ನುತ್ತಾರೆ. ಆರ್ಮೇನಿಯಾದವರ ಮದುವೆಗಳಲ್ಲೂ ಇದೇ ಹೆಸರು. ನಮ್ಮ ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ಮೆಚ್ಚಿದವರು ರಂಗದ ಮೇಲೇ ಹೋಗಿ ಪಾತ್ರಧಾರಿಯ ಎದೆಗೆ ನೋಟು ಚುಚ್ಚಿ ಬರುತ್ತಾರಲ್ಲ, ಹೆಚ್ಚುಕಮ್ಮಿ ಅದೇ.