ಪಟ್ಟಿ ಕಟ್ಟಿನೊಳಗೇ ಇರಬೇಕು

ಕೆಲವು ವರ್ಷಗಳ ಹಿಂದೆ ಮಂಡ್ಯ ಕಡೆಯ ಸಂಸ್ಥೆಯೊಂದರವರು ಮೈಸೂರಿಗೆ ಬಂದು, ಟವೆಲಿನಲ್ಲಿ ಸುತ್ತಿದ್ದ ಹಾರ್ಡ್‌ಡಿಸ್ಕನ್ನು ನನ್ನ ಮೇಜಿನ ಮೇಲಿಟ್ಟರು. "ಹಳೇ ನಡಾವಳಿ ಪುಸ್ತಕ, ಜಮಾಖರ್ಚು ಎಲ್ಲಾ ಸ್ಕ್ಯಾನ್ ಮಾಡ್ಸಿದ್ದೋ ಮೇಡಂ. ಈಗ ಒಂದೂ ಸಿಕ್ತಿಲ್ಲ."

ಡಿಸ್ಕ್ ಕೆಟ್ಟಿರಲಿಲ್ಲ. ಸಾವಿರಾರು ಚಿತ್ರಗಳು ಚೆನ್ನಾಗಿಯೇ ಇದ್ದವು. ಆದರೆ ಒಂದೊಂದರ ಹೆಸರೂ ಅಂಕಿ, ಅಕ್ಷರ ಕಲಸಿದ ಉದ್ದನೆಯ ಸರ. ಯಾವುದು ಯಾವ ಪುಸ್ತಕದ ಎಷ್ಟನೇ ಪುಟ ಎಂಬುದು ಒಂದು ಸಾಫ್ಟ್‌ವೇರಿನ ಡೇಟಾಬೇಸಿಗೆ ಮಾತ್ರ ಗೊತ್ತಿತ್ತು. ಅದನ್ನು ಮಾಡಿಕೊಟ್ಟವರು ಅಂಗಡಿ ಮುಚ್ಚಿಯಾಗಿತ್ತು.

ಈ ಪೇಚು ನಮ್ಮದು ಮಾತ್ರವಲ್ಲ. ವಿದೇಶದ ದೊಡ್ಡ ವಿಶ್ವವಿದ್ಯಾಲಯಗಳೂ ಇದರ ಬಿಸಿ ಕಂಡಿವೆ. ಗ್ರಂಥಾಲಯಗಳು ಬಳಸುವ ಫೆಡೋರಾ ಎಂಬ ಸಂಗ್ರಹ ಸಾಫ್ಟ್‌ವೇರ್ ಇದೆ (ಅದೇ ಹೆಸರಿನ ಲಿನಕ್ಸ್ ಬೇರೆ). ಅದರ 3ನೇ ಆವೃತ್ತಿಯಿಂದ 2014ರ 4ನೇ ಆವೃತ್ತಿಗೆ ಹೋಗುವುದು ಎಷ್ಟು ತ್ರಾಸವಾಯಿತೆಂದರೆ, ಅನೇಕರು ಹಳೆಯದರಲ್ಲೇ ಉಳಿದರು. ಸಾಫ್ಟ್‌ವೇರ್ ಬದಲಾದಾಗಲೆಲ್ಲ ಕೋಟಿಗಟ್ಟಲೆ ಕಡತಗಳನ್ನು ಎತ್ತಿ ಬೇರೆಡೆ ಹಾಕಬೇಕು, ಎತ್ತುವಾಗ ಒಂದಷ್ಟು ಕಳೆಯುವ ಭಯ.

2017ರಲ್ಲಿ ಡಿಜಿಟಲ್ ಸಂರಕ್ಷಣೆಯ ಕೆಲಸಗಾರರು ಆಕ್ಸ್‌ಫರ್ಡ್‌ನಲ್ಲಿ ಸೇರಿದ್ದಾಗ ಮಾತು ಇದರ ಸುತ್ತ ತಿರುಗಿತು. ಸಾಫ್ಟ್‌ವೇರ್ ಬರುತ್ತದೆ, ಹೋಗುತ್ತದೆ. ಕಡತಗಳು ಇದ್ದಲ್ಲೇ ಇರಲಿ, ಹೊಸ ಸಾಫ್ಟ್‌ವೇರೇ ಅವುಗಳ ಬಳಿಗೆ ಬರಲಿ. ಸ್ಟ್ಯಾನ್‌ಫರ್ಡ್‌ನವರು ಆಗಲೇ ಮೋಆಬ್ ಎಂಬ ಜೋಡಣೆಯಲ್ಲಿ ತಮ್ಮ ಸಂಗ್ರಹವನ್ನು ಇಡುತ್ತಿದ್ದರು. ಅದರಿಂದ ಬೇಕಾದ್ದನ್ನು ತೆಗೆದುಕೊಂಡು ಆಕ್ಸ್‌ಫರ್ಡ್, ಕಾರ್ನೆಲ್, ಎಮೊರಿ ಮುಂತಾದ ಕಡೆಯವರು ಸ್ಟ್ಯಾನ್‌ಫರ್ಡ್‌ನವರೊಡನೆ ಕೂಡಿ, ಕಡತಗಳನ್ನು ಹೇಗೆ ಜೋಡಿಸಿಡಬೇಕೆಂಬ ನಿಯಮಗಳ ಕರಡು ಬರೆದರು. ಕಂಪನಿಯೊಂದರ ಸರಕಲ್ಲ, ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದಿತ್ತು. 2020ರಲ್ಲಿ ಆಕ್ಸ್‌ಫರ್ಡ್ ಕಾಮನ್ ಫೈಲ್ ಲೇಔಟ್, ಚಿಕ್ಕದಾಗಿ ಒಸಿಎಫ್‌ಎಲ್, 1.0 ಹೊರಬಂತು. ಮುಂದಿನ ವರ್ಷವೇ ಫೆಡೋರಾದ 6ನೇ ಆವೃತ್ತಿ ಇದನ್ನು ತನ್ನ ಬುಡಕ್ಕೆ ಹಾಕಿಕೊಂಡಿತು.

ಒಳಗೇನಿದೆ? ನಿರಾಸೆಯಾಗುವಷ್ಟು ಸರಳ. ಒಂದು ಪುಸ್ತಕಕ್ಕೆ ಒಂದು ಫೋಲ್ಡರ್. ಅದರೊಳಗೆ ವಿ1, ವಿ2 ಎಂದು ಆವೃತ್ತಿಗಳು, ಜೊತೆಗೆ ಇನ್ವೆಂಟರಿ ಎಂಬ ಸಾದಾ ಪಠ್ಯದ ಪಟ್ಟಿ. ಪ್ರತಿ ಕಡತದ ಹೆಸರೂ ಅದರ ಬೆರಳಚ್ಚೂ ಪಟ್ಟಿಯಲ್ಲಿರುತ್ತವೆ. ಬೆರಳಚ್ಚೆಂದರೆ ಸಾಮಾನ್ಯವಾಗಿ ಎಸ್‌ಎಚ್‌ಎ-512 ಎಂಬ ವಿಧಾನದಲ್ಲಿ ಲೆಕ್ಕ ಹಾಕಿ ತೆಗೆದ 128 ಅಕ್ಷರಗಳ ಗುರುತು. ಕಡತದ ಒಂದು ಬಿಟ್ ಬದಲಾದರೂ ಗುರುತು ಬೇರೆಯೇ ಬರುತ್ತದೆ. ಒಮ್ಮೆ ಇಟ್ಟ ಕಡತವನ್ನು ತಿದ್ದುವಂತಿಲ್ಲ. ಹೊಸ ಆವೃತ್ತಿಯಲ್ಲಿ ಹೊಸದಾಗಿ ಬಂದದ್ದನ್ನಷ್ಟೇ ಇಟ್ಟರೆ ಸಾಕು. ಹೆಸರು ಬದಲಿಸಿದರೆ ಪಟ್ಟಿಯಲ್ಲಿ ಬದಲಾದರೆ ಸಾಕು, ಕಡತ ಅಲುಗುವುದಿಲ್ಲ. ಪಟ್ಟಿಯ ಒಂದು ನಕಲನ್ನು ಆಯಾ ಆವೃತ್ತಿಯ ಒಳಗೂ ಇಡಿ ಎಂಬ ಸಲಹೆಯಿದೆ.

ಈ ಕೊನೆಯದು ನಮ್ಮೂರಿಗೆ ಹೊಸದಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಯ ಕಟ್ಟೊಂದನ್ನು ಅರ್ಥಶಾಸ್ತ್ರವೆಂದು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಆ ಗ್ರಂಥದಲ್ಲಿ ಅಧ್ಯಾಯ ಮುಗಿದಲ್ಲೆಲ್ಲ 'ಇತಿ ಕೌಟಿಲೀಯೇ ಅರ್ಥಶಾಸ್ತ್ರೇ' ಎಂದು ಬಂದು, ಯಾವ ಅಧಿಕರಣ, ಎಷ್ಟನೇ ಅಧ್ಯಾಯ ಎಂಬ ಲೆಕ್ಕವೂ ಇರುತ್ತದೆ. ನಾಲ್ಕು ಗರಿ ಕಳಚಿಹೋದರೂ ಉಳಿದವು ತಾವು ಯಾರ ಮನೆಯವೆಂದು ಹೇಳುತ್ತವೆ.

ಒಸಿಎಫ್‌ಎಲ್ ಮಾಡದ ಕೆಲಸವನ್ನೂ ಹೇಳಬೇಕು. ಕಡತ ಯಾವ ಬಗೆಯದು ಎಂದು ಅದು ಕೇಳುವುದೇ ಇಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಇಟ್ಟರೆ ಅದನ್ನು ಹಾಗೆಯೇ ಕಾಯುತ್ತದೆ. ತೆರೆಯುವಾಗ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಜ್ಜು. ಅದನ್ನು ಯೂನಿಕೋಡಿಗೆ ತಿರುಗಿಸಿ ವಿ2 ಎಂದು ಸೇರಿಸುವುದು ನಮ್ಮ ಪಾಲಿನ ಕೆಲಸ. ಮೂಲವನ್ನು ಅಳಿಸಬೇಡಿ, ತಿರುಗಿಸುವಾಗ ಒತ್ತಕ್ಷರ ತಪ್ಪುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಮಂಡ್ಯದ ಡಿಸ್ಕಿಗೆ ಮೂರು ತಿಂಗಳು ಹಿಡಿಯಿತು. ಪುಟದ ಮೂಲೆಯ ತಾರೀಖು, ಶಾಯಿ, ಕೈಬರಹ ನೋಡುತ್ತ ಒಂದೊಂದೇ ಪುಟ ಹೊಂದಿಸಿ ಈ ಜೋಡಣೆಗೆ ತಂದೆವು. ಗುರುತು ಸಿಗದ ಪುಟಗಳನ್ನೆಲ್ಲ ಸೇರಿಸಿ ಬೇರೆ ಕಟ್ಟು ಮಾಡಿದ್ದೇವೆ. ಸಂಸ್ಥೆಯ ನಿವೃತ್ತ ಗುಮಾಸ್ತರೊಬ್ಬರು ಆಗಾಗ ಬಂದು ಕೂರುತ್ತಾರೆ. "ಇದು ನಮ್ಮ ಹಳೇ ಕಾರ್ಯದರ್ಶಿಗಳ ಅಕ್ಷರ ಕಣವ್ವ" ಎಂದು ಅವರು ಬೆರಳಿಟ್ಟ ಪುಟಕ್ಕೆ ಪಟ್ಟಿಯಲ್ಲಿ ಹೆಸರು ಬೀಳುತ್ತದೆ. ಆ ಕಟ್ಟು ಈಗ ವಿ7ರಲ್ಲಿದೆ.