ಪ್ರೆಟ್ಜೆಲ್‌ಗೆ ಕ್ಷಾರಸ್ನಾನ

ಪ್ರೆಟ್ಜೆಲ್ ಎಂಬ ಗಂಟಿನ ಆಕಾರದ ರೊಟ್ಟಿ ಮಾಡುವ ವಿಡಿಯೊಗಳೆಲ್ಲ ಗಂಟು ಹಾಕುವುದನ್ನೇ ದೊಡ್ಡ ವಿದ್ಯೆಯೆಂಬಂತೆ ತೋರಿಸುತ್ತವೆ. ಹೊಸೆದ ಹಿಟ್ಟಿನ ಎರಡೂ ತುದಿ ಹಿಡಿದು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದರೆ ತಿರುಪು ತಾನಾಗಿ ಬೀಳುತ್ತದೆ, ನೋಡಲು ಸೊಗಸು. ಆದರೆ ಅದೇ ಹಿಟ್ಟನ್ನು ಉಂಡೆ ಕಟ್ಟಿ ಬೇಯಿಸಿದರೂ ರುಚಿಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ದಕ್ಷಿಣ ಜರ್ಮನಿಯ ಬೇಕರಿಗಳಲ್ಲಿ ಉಂಡೆ, ಕೋಲು ಎರಡೂ ಮಾರುತ್ತಾರೆ. ಗಂಟನ್ನು ಎಷ್ಟೇ ಚೆನ್ನಾಗಿ ಹಾಕಿ, ಓವನ್‌ಗೆ ಇಡುವ ಮುಂಚಿನ ಒಂದು ಮುಳುಗನ್ನು ಬಿಟ್ಟಿರೋ, ಸಿಗುವುದು ಗಂಟು ಹಾಕಿದ ಬನ್ನು, ಅಷ್ಟೇ.

ಅಲ್ಲಿನ ಬವೇರಿಯ, ಸ್ವಾಬಿಯ ಪ್ರಾಂತ್ಯಗಳ ಬೇಕರಿಗಳಲ್ಲಿ ಹಸಿ ಪ್ರೆಟ್ಜೆಲನ್ನು ಕಾಸ್ಟಿಕ್ ಸೋಡ (ಸೋಡಿಯಂ ಹೈಡ್ರಾಕ್ಸೈಡ್) ಕರಗಿಸಿದ ನೀರಿನಲ್ಲಿ ಕೆಲವೇ ಸೆಕೆಂಡು ಅದ್ದುತ್ತಾರೆ. ಲೀಟರ್ ನೀರಿಗೆ ಸುಮಾರು 40 ಗ್ರಾಂ. ಹೌದು, ಸೋಪು ತಯಾರಿಸುವ, ಕಟ್ಟಿಕೊಂಡ ಸಿಂಕು ಬಿಡಿಸುವ ಕಾಸ್ಟಿಕ್ ಸೋಡವೇ. ತಿನ್ನುವವರು ಗಾಬರಿಯಾಗಬೇಕಿಲ್ಲ. ಓವನ್‌ನೊಳಗೆ ಹಿಟ್ಟಿನಿಂದ ಹೊರಬರುವ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಅದು ಕಾರ್ಬೊನೇಟ್ ಆಗಿಬಿಡುತ್ತದೆ. ಕಾಸ್ಟಿಕ್‌ನ ಉರಿ ಅಲ್ಲಿಗೆ ಅಡಗುತ್ತದೆ.

ಕ್ಷಾರದ ಪ್ರೆಟ್ಜೆಲನ್ನು ಮೊದಲು ಮಾಡಿದ್ದು ಯಾರು ಎಂಬುದಕ್ಕೆ ಊರಿಗೊಂದು ಕಥೆ. ಮ್ಯೂನಿಕ್‌ನವರ ಪ್ರಕಾರ 1839ರ ಫೆಬ್ರವರಿ 11ರಂದು ಬೇಕರ್ ಒಬ್ಬ ಸಕ್ಕರೆ ನೀರು ಹಚ್ಚುವ ಬದಲು, ತಟ್ಟೆ ತೊಳೆಯಲು ಇಟ್ಟಿದ್ದ ಕ್ಷಾರದ ನೀರನ್ನು ಹಚ್ಚಿಬಿಟ್ಟ. ಸ್ವಾಬಿಯದವರು ಇದನ್ನು ಒಪ್ಪುವುದಿಲ್ಲ. ಅವರದು ಬಾಡ್ ಉರಾಖ್ ಊರಿನ ಬೇಕರ್‌ನ ಕಥೆ. ಶಿಕ್ಷೆಗೆ ಗುರಿಯಾಗಿದ್ದ ಅವನಿಗೆ, ಸೂರ್ಯ ಮೂರು ಸಲ ಹಾದು ಕಾಣುವಂಥ ರೊಟ್ಟಿ ಮಾಡಿದರೆ ಬಿಡುತ್ತೇನೆ ಎಂದನಂತೆ ಅಲ್ಲಿನ ದೊರೆ. ಎರಡನ್ನೂ ಕಥೆಯೆಂದೇ ಕೇಳಬೇಕು. ಆಕಾರವಂತೂ ಇವೆಲ್ಲಕ್ಕಿಂತ ಹಳೆಯದು: ಈಗ ಫ್ರಾನ್ಸಿಗೆ ಸೇರಿರುವ ಅಲ್ಸೇಸ್‌ನಲ್ಲಿ 12ನೇ ಶತಮಾನದಲ್ಲಿ ಬರೆದ ಹಸ್ತಪ್ರತಿಯೊಂದರ ಚಿತ್ರದಲ್ಲಿ ಊಟದ ಮೇಜಿನ ಮೇಲೆ ಈ ಗಂಟಿನ ರೊಟ್ಟಿ ಇದೆ.

ಕ್ಷಾರ ಅಲ್ಲಿ ಮಾಡುವ ಕೆಲಸವೇನು? ರೊಟ್ಟಿ, ಬ್ರೆಡ್ಡು, ಹುರಿದ ಕಾಫಿ ಬೀಜ ಕಂದಾಗುವುದರ ಹಿಂದಿರುವ ಮುಖ್ಯ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್. ಪ್ರೋಟೀನಿನ ಅಮೈನೊ ಗುಂಪು ಸಕ್ಕರೆಯ ಅಣುವನ್ನು ಹಿಡಿದುಕೊಳ್ಳುವುದು ಇದರ ಮೊದಲ ಹೆಜ್ಜೆ. ಆಮೇಲೆ ಸರಪಳಿಯಂತೆ ನೂರಾರು ಹೊಸ ಅಣುಗಳು ಹುಟ್ಟುತ್ತವೆ. ಬಣ್ಣ, ಪರಿಮಳ ಎರಡೂ ಅವುಗಳದೇ. ಆದರೆ ಸಾಮಾನ್ಯ ಹಿಟ್ಟು ಸ್ವಲ್ಪ ಹುಳಿ. ಹುಳಿಯಲ್ಲಿ ಈ ಅಮೈನೊ ಗುಂಪುಗಳಿಗೆ ಒಂದೊಂದು ಹೆಚ್ಚುವರಿ ಹೈಡ್ರೋಜನ್ ಅಯಾನು ಅಂಟಿಕೊಂಡಿರುತ್ತದೆ. ಕೈಯಲ್ಲಿ ಚೀಲ ಹಿಡಿದವನು ಇನ್ನೊಬ್ಬರ ಕೈ ಕುಲುಕಲಾರ ಎಂಬಂಥ ಸ್ಥಿತಿ. ಕ್ಷಾರ ಆ ಹೈಡ್ರೋಜನನ್ನು ಕಿತ್ತುಕೊಳ್ಳುತ್ತದೆ. ಹೀಗೆ ಬಿಡುವಾದ ಅಮೈನೊ ಗುಂಪು ಸಕ್ಕರೆಗೆ ಸಲೀಸಾಗಿ ಅಂಟುತ್ತದೆ. ಅದಕ್ಕೇ ಬ್ರೆಡ್ಡು ಇನ್ನೂ ಹೊಂಬಣ್ಣದಲ್ಲಿರುವಷ್ಟು ಹೊತ್ತಿಗೆ ಪ್ರೆಟ್ಜೆಲ್ ಬೀಟೆ ಮರದ ಬಣ್ಣಕ್ಕೆ ತಿರುಗಿರುತ್ತದೆ. ಕ್ಷಾರೀಯ ವಾತಾವರಣದಲ್ಲಿ ಪಿರಜೀನ್ ಎಂಬ ಅಣುಗಳೂ ಹೆಚ್ಚು ಹುಟ್ಟುತ್ತವೆ. ಹುರಿದ ಕಡಲೆಕಾಯಿ, ಕಾಫಿಯ ಘಮದಲ್ಲೂ ಅವುಗಳ ಪಾಲಿದೆ.

ಹೊಳಪಿನ ಕಾರಣ ಬೇರೆ. ಗಟ್ಟಿ ಕ್ಷಾರ ತಾಗಿದೊಡನೆ ಮೇಲ್ಮೈಯ ಪಿಷ್ಟದ ಕಣಗಳು ಬಿಸಿಯಿಲ್ಲದೆಯೂ ನೀರು ಕುಡಿದು ಉಬ್ಬಿ ಗಂಜಿಯಾಗುತ್ತವೆ. ಓವನ್‌ನಲ್ಲಿ ಈ ಗಂಜಿ ಒಣಗಿ ವಾರ್ನಿಶ್ ಬಳಿದ ಹಾಗೆ ತೆಳ್ಳನೆಯ ಸಿಪ್ಪೆ ಆಗುತ್ತದೆ. ಈ ಸಿಪ್ಪೆ ಹಿಗ್ಗುವುದಿಲ್ಲ, ಒಳಗಿನ ಹಿಟ್ಟು ಮಾತ್ರ ಉಬ್ಬುತ್ತಲೇ ಇರುತ್ತದೆ. ಹಾಗಾಗಿ ಸ್ವಾಬಿಯದವರು ಪ್ರೆಟ್ಜೆಲ್‌ನ ದಪ್ಪ ನಡುಭಾಗದ, ಅಂದರೆ ಹೊಟ್ಟೆಯ, ಮೇಲೆ ಬ್ಲೇಡಿನಿಂದ ಗೀರು ಹಾಕುತ್ತಾರೆ, ಅಲ್ಲಿ ಬಿಳಿಯ ತಿರುಳು ಬಾಯಿ ಬಿಡುತ್ತದೆ. ಬವೇರಿಯದವರು ಅದರಷ್ಟಕ್ಕೆ ಬಿರಿಯಲು ಬಿಡುತ್ತಾರೆ.

ಮನೆಯಲ್ಲಿ ಕಾಸ್ಟಿಕ್ ಸೋಡದ ಸಹವಾಸ ಬೇಡ ಎಂಬುದೇ ನನ್ನ ಸಲಹೆ. ಸಿಂಕಿಗೆ ಹಾಕುವ ಪುಡಿಯನ್ನಂತೂ ಮುಟ್ಟಲೇಬಾರದು, ಅದರಲ್ಲಿ ಬೇರೆ ಏನೇನೋ ಬೆರೆತಿರುತ್ತದೆ. ಬಹಳಷ್ಟು ರೆಸಿಪಿಗಳು ಅದರ ಜಾಗಕ್ಕೆ ಅಡುಗೆ ಸೋಡ ಹಾಕಿ ಕುದಿಸಿದ ನೀರನ್ನು ಹೇಳುತ್ತವೆ. ಇದರಲ್ಲೊಂದು ತೊಡಕಿದೆ. ಅಡುಗೆ ಸೋಡದ ದ್ರಾವಣದ ಪಿಎಚ್ ಸುಮಾರು 8.3; ಬೇಕರಿಯ ಕಾಸ್ಟಿಕ್ ನೀರಿನದು 14ರ ಹತ್ತಿರ. ಪಿಎಚ್‌ನಲ್ಲಿ ಒಂದು ಅಂಕೆ ಏರಿದರೆ ಕ್ಷಾರದ ಬಲ ಹತ್ತು ಪಟ್ಟು. ಆ ಲೆಕ್ಕದಲ್ಲಿ ಇವೆರಡರ ನಡುವೆ ಸುಮಾರು ಐದು ಲಕ್ಷ ಪಟ್ಟು ಅಂತರ! ಪ್ರೆಟ್ಜೆಲ್ ಕಂದಾಗುತ್ತದೆ, ಆದರೆ ಪೆಚ್ಚು ಕಂದು.

ನಡುವಿನ ದಾರಿಯೊಂದಿದೆ. ಅಡುಗೆಯ ವಿಜ್ಞಾನದ ಬಗ್ಗೆ ಬರೆಯುವ ಅಮೆರಿಕದ ಹೆರಾಲ್ಡ್ ಮೆಗೀ 2010ರಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಅಡುಗೆ ಸೋಡವನ್ನು ತಟ್ಟೆಯಲ್ಲಿ ಹರವಿ 120ರಿಂದ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟರೆ ಅದು ನೀರಾವಿ, ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಟ್ಟು ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಕಣ್ಣಿಗೆ ಬದಲಾವಣೆ ಗೊತ್ತಾಗುವುದಿಲ್ಲ, ಅದೇ ಬಿಳಿ ಪುಡಿ. ಗೊತ್ತುಮಾಡಿಕೊಳ್ಳಲು ತಕ್ಕಡಿ ಸಾಕು: 100 ಗ್ರಾಂ ಇಟ್ಟದ್ದು 63 ಗ್ರಾಂ ಆಸುಪಾಸಿಗೆ ಇಳಿದಿದ್ದರೆ ಕೆಲಸ ಮುಗಿದಿದೆ. ತಕ್ಕಡಿ ಇಲ್ಲದಿದ್ದರೆ ಅರಿಶಿನ ಇದೆಯಲ್ಲ. ಚಿಟಿಕೆ ಅರಿಶಿನ ಕದಡಿದ ನೀರನ್ನು ಎರಡು ಲೋಟಕ್ಕೆ ಹಾಕಿ, ಒಂದಕ್ಕೆ ಹಸಿ ಸೋಡ, ಇನ್ನೊಂದಕ್ಕೆ ಕಾಸಿದ ಸೋಡ ಉದುರಿಸಿ. ಮೊದಲನೆಯದು ಕಿತ್ತಳೆಯ ಕಡೆಗೆ ವಾಲಿ ನಿಲ್ಲುತ್ತದೆ. ಎರಡನೆಯದಕ್ಕೆ ಗಾಢ ಕೆಂಪೇರುತ್ತದೆ. ಆರತಿ ತಟ್ಟೆಯಲ್ಲಿ ಅರಿಶಿನ, ಸುಣ್ಣ ಕಲಸಿ ಓಕುಳಿ ಮಾಡುವಾಗ ನಡೆಯುವುದೂ ಇದೇ ರಸಾಯನ.

ಲೀಟರ್ ನೀರಿಗೆ 50 ಗ್ರಾಂ ಕಾಸಿದ ಸೋಡ ಹಾಕಿದರೆ ಪಿಎಚ್ 11.6ರ ಸುಮಾರಿಗೆ ಬರುತ್ತದೆ. ಇದನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ. ಪಾತ್ರೆ ಸ್ಟೀಲಿನದೇ ಆಗಿರಲಿ. ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಪಾತ್ರೆ ಕಪ್ಪಾಗುವುದು ಒಂದು ಕಡೆ, ಕರಗಿದ ಲೋಹ ಪ್ರೆಟ್ಜೆಲ್‌ನ ತಳಕ್ಕೆ ಸೇರುವುದು ಇನ್ನೊಂದು ಕಡೆ. ಬೇಯಿಸುವ ತಟ್ಟೆ ಅಲ್ಯೂಮಿನಿಯಮ್ಮಿನದಾದರೆ ಬೇಕಿಂಗ್ ಪೇಪರ್ ಹಾಸಲೇಬೇಕು.

ಹಿಟ್ಟಿನದು ಹೆಚ್ಚು ಮಾತಿಲ್ಲ. ಮೈದಾ 500 ಗ್ರಾಂ, ನೀರು 275 ಮಿಲಿಲೀಟರ್, ಬೆಣ್ಣೆ 40 ಗ್ರಾಂ, ಉಪ್ಪು 10 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ. ಚಪಾತಿ ಹಿಟ್ಟಿಗಿಂತ ಬಿಗಿಯಾಗಿ ನಾದಿ, ಉಬ್ಬಿದ ಮೇಲೆ ಎಂಟು ಪಾಲು ಮಾಡಿ. ನಡು ದಪ್ಪ, ತುದಿ ತೆಳ್ಳಗೆ ಇರುವಂತೆ ಹೊಸೆಯಿರಿ: ತೆಳು ತೋಳು ಗರಿಗರಿ, ದಪ್ಪ ಹೊಟ್ಟೆ ಮೆತ್ತಗೆ, ಒಂದೇ ತುಂಡಿನಲ್ಲಿ ಎರಡೂ. ಗಂಟು ಹಾಕಿದ್ದನ್ನು ಫ್ರಿಜ್ಜಿನಲ್ಲಿ ಮುಚ್ಚದೆ ಅರ್ಧ ಗಂಟೆ ಇಟ್ಟರೆ ಮೇಲ್ಮೈ ಒಣಗಿ ಬಿಗಿಯುತ್ತದೆ, ಅದ್ದುವಾಗ ಜೋಲುವುದಿಲ್ಲ. ಕುದಿಯ ಹತ್ತಿರವಿರುವ ಸೋಡ ನೀರಿನಲ್ಲಿ 20 ಸೆಕೆಂಡು ಮುಳುಗಿಸಿ, ಗೀರು ಹಾಕಿ, 220 ಡಿಗ್ರಿಯಲ್ಲಿ 12ರಿಂದ 15 ನಿಮಿಷ. ಇಲ್ಲಿ ನೀರು ಬಿಸಿ ಇರಬೇಕು, ಏಕೆಂದರೆ ಪಿಷ್ಟವನ್ನು ಗಂಜಿ ಮಾಡಲು ಈ ಕ್ಷಾರದ ಬಲವೊಂದೇ ಸಾಲದು.

ಮೇಲೆ ಉದುರಿಸುವುದರಲ್ಲಿ ಖಾರದ ಪ್ರೆಟ್ಜೆಲ್‌ಗೂ ಸಿಹಿಯದಕ್ಕೂ ಸಮಯ ಬೇರೆ. ಹರಳುಪ್ಪು, ಎಳ್ಳು, ಓಮ ಇವೆಲ್ಲ ಅದ್ದಿ ತೆಗೆದ ಕೂಡಲೇ, ಮೇಲ್ಮೈ ಅಂಟಂಟಾಗಿರುವಾಗ ಹಾಕಬೇಕು. ಪುಡಿ ಉಪ್ಪಾದರೆ ಆ ತೇವಕ್ಕೇ ಕರಗಿ ಮಾಯವಾಗುತ್ತದೆ. ಚೀಸ್ ಬೇಗ ಕರಕಲಾಗುತ್ತದೆ, ಅರ್ಧ ಬೆಂದ ಮೇಲೆ ತುರಿದು ಹಾಕುವುದೇ ವಾಸಿ. ಸಕ್ಕರೆಯನ್ನಂತೂ ಬೆಂದ ನಂತರವೇ ಹಾಕಬೇಕು. ಮೊದಲೇ ಹಾಕಿದರೆ ತೇವದಲ್ಲಿ ಪಾಕವಾಗಿ ಹರಿದು ತಟ್ಟೆಗಿಳಿದು ಕಹಿಯಾಗುತ್ತದೆ. ಬಿಸಿ ಪ್ರೆಟ್ಜೆಲ್‌ಗೆ ಕರಗಿಸಿದ ಬೆಣ್ಣೆ ಬಳಿದು ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿದರೆ ಬೆಣ್ಣೆ ಅಂಟಿನ ಕೆಲಸವನ್ನೂ ಮಾಡುತ್ತದೆ, ಒಳಗಿನ ತೇವ ಸಕ್ಕರೆಗೆ ತಾಗದಂತೆಯೂ ತಡೆಯುತ್ತದೆ. ಫಿಲಡೆಲ್ಫಿಯದ ಬೀದಿಗಳಲ್ಲಿ ಹಳದಿ ಸಾಸಿವೆ ಸಾಸ್ ಹಚ್ಚಿ ತಿನ್ನುವುದಕ್ಕೂ ಅರ್ಥವಿದೆ: ಸಾಸಿನ ವಿನೆಗರ್ ಹುಳಿ, ಸಿಪ್ಪೆಯಲ್ಲಿ ಉಳಿದ ಸೋಪಿನಂಥ ಛಾಯೆಯನ್ನು ಮುರಿಯುತ್ತದೆ.

ಉಪ್ಪು ಹಾಕಿದ ಪ್ರೆಟ್ಜೆಲನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ. ಹರಳುಗಳು ಗಾಳಿಯ ತೇವ ಹೀರಿ ನೀರಾಗುತ್ತವೆ, ಸಿಪ್ಪೆ ಸುಕ್ಕುಗಟ್ಟುತ್ತದೆ. ಮಂಗಳೂರಿನ ಮಳೆಗಾಲದಲ್ಲಾದರೆ ಸಂಜೆಯವರೆಗೂ ಕಾಯಬೇಕಿಲ್ಲ. ಉಳಿಸಿಕೊಳ್ಳಬೇಕಾದದ್ದನ್ನು ಉಪ್ಪಿಲ್ಲದೆ ಬೇಯಿಸಿ, ಆರಿಸಿ ಫ್ರೀಜರ್‌ನಲ್ಲಿಡಿ. ಬೇಕಾದಾಗ ನೀರು ಚಿಮುಕಿಸಿ, ಹರಳುಪ್ಪು ಅಂಟಿಸಿ ಬಿಸಿ ಓವನ್‌ಗೆ ಹಾಕಿದರಾಯಿತು.