ಯೇಸುವಿನ ಸುತ್ತಲ ಖಾಲಿ ಜಾಗ ಎಲ್ಲಿ ಹೋಯಿತು?

ಬೀದರ್, ಕಲಬುರಗಿ ಸೀಮೆಯಲ್ಲಿ ನಲವತ್ತು ದಿನ ಅಡವಿಯಲ್ಲಿ ಒಬ್ಬನೇ ಉಪವಾಸವಿದ್ದ ಯೇಸುವಿನ ಚಿತ್ರ ಬರೆಸುವ ಮಾತು ಬಂದರೆ ಚರ್ಚೆ ಬೇಗ ಗೋಜಲಾಗುತ್ತದೆ. ಚರ್ಚಿನೊಳಗೆ ಚಿತ್ರ ಬೇಕೇ ಬೇಡವೇ, ಮೈಬಣ್ಣ ಯಾವುದು, ನಿಲುವಂಗಿಯೋ ಧೋತರವೋ. ಆ ಒಬ್ಬಂಟಿಯ ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದು ಮಾತ್ರ ಚರ್ಚೆಗೇ ಬರುವುದಿಲ್ಲ.

19ನೇ ಶತಮಾನದ ಕೊನೆಗೆ ಇಲ್ಲಿ ನೆಲೆಯೂರಿದ ಅಮೆರಿಕದ ಮೆಥೊಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದವರದು ಬೈಬಲ್ ವಾಕ್ಯ ಮತ್ತು ಹಾಡಿನ ಭಕ್ತಿ. ಮೂರ್ತಿ, ಚಿತ್ರಗಳಿಗೆ ಬಾಗಿಲು ತೆರೆದೇ ಇಟ್ಟಿರುವ ಕಥೋಲಿಕರ ಗುಲ್ಬರ್ಗ ಧರ್ಮಪ್ರಾಂತ್ಯ ರೂಪುಗೊಂಡದ್ದು 2005ರಲ್ಲಿ. ನಡುವಿನ ಕಾಲದಲ್ಲಿ ಕಣ್ಣು ಪಳಗಿದ್ದು ಅಚ್ಚಿನ ಚಿತ್ರಗಳಿಗೆ. ಚಿಕಾಗೋದ ಚಿತ್ರಕಾರ ವಾರ್ನರ್ ಸಾಲ್ಮನ್ 1940ರಲ್ಲಿ ಬರೆದ ಯೇಸುವಿನ ಮುಖ ಕೋಟಿಗಟ್ಟಲೆ ಪ್ರತಿಯಾಗಿ ಲೋಕ ಸುತ್ತಿತು. ತುಂಬಿದ ಮೈ, ಹೊಳೆಯುವ ಚರ್ಮದ ದೇವರುಗಳಿಂದ ದೇಶಕ್ಕೇ ಹೆಸರಾದ ಚಿತ್ರಕಾರ ಎಸ್.ಎಂ. ಪಂಡಿತ್ (1916–1993) ಕಲಬುರಗಿಯವರೇ. ಚೌಕಟ್ಟು ತುಂಬದ ಆಕೃತಿ ಇಲ್ಲಿಯ ಕಣ್ಣಿಗೆ ಅರೆಬರೆ ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ.

ಉಡುಗೆಯ ಪ್ರಶ್ನೆಯನ್ನು ಯೇಸುವಿನ ತಾಯಿ ಮರಿಯಳಿಗೆ ಚಿತ್ರದಲ್ಲಿ ಸೀರೆ ಉಡಿಸಿದ ಗೋವೆಯ ಆಂಜೆಲೊ ದ ಫೊನ್ಸೆಕಾ, ಬೆಂಗಳೂರಿನ ಜ್ಯೋತಿ ಸಾಹಿ ಅಂಥವರು ದಶಕಗಳ ಹಿಂದೆಯೇ ಎತ್ತಿಕೊಂಡರು. ಏಕಾಂತದ ಪ್ರಶ್ನೆಗೆ ರಷ್ಯಾದ ಇವಾನ್ ಕ್ರಾಮ್‌ಸ್ಕೋಯ್ 1872ರಲ್ಲಿ ಬರೆದ ಚಿತ್ರವನ್ನೇ ನೋಡಬೇಕು. 180×210 ಸೆಂ.ಮೀ. ಕ್ಯಾನ್ವಾಸು. ಬೂದು ಕಲ್ಲುಗಳ ಮೇಲೆ ಕೂತ ಯೇಸು, ಬಿಗಿದು ಹೆಣೆದ ಕೈಬೆರಳು, ಕೆಳಗಿಳಿದ ದೃಷ್ಟಿ. ಪ್ರಭಾವಳಿ ಇಲ್ಲ. ಬೆನ್ನ ಹಿಂದೆ ಬೆಳಗು ಹರಿಯುತ್ತಿದೆ, ಅವನು ಅತ್ತ ತಿರುಗಿಲ್ಲ. ಇಂಗ್ಲೆಂಡಿನ ಸ್ಟಾನ್ಲಿ ಸ್ಪೆನ್ಸರ್ ದಾರಿ ಬೇರೆ. ನಲವತ್ತು ದಿನಕ್ಕೆ ನಲವತ್ತು ಚಿತ್ರ ಎಂದು ಯೋಜಿಸಿ ಅವರು ಮುಗಿಸಿದ್ದು ಎಂಟು. 1939ರ ಒಂದರಲ್ಲಿ ದಪ್ಪ ಮೈಯ ಯೇಸು ನೆಲಕ್ಕೆ ಕೂತು ಬೊಗಸೆಯಲ್ಲಿ ಚೇಳು ಹಿಡಿದಿದ್ದಾನೆ. ಮೈ ಚೌಕಟ್ಟನ್ನೇ ತುಂಬಿದೆ, ಆದರೂ ಆ ನೋಟದೊಳಗೆ ಮತ್ತೊಬ್ಬರಿಗೆ ಜಾಗವಿಲ್ಲ.

ಕನ್ನಡ ಬೈಬಲಿನಲ್ಲಿ ಯೇಸು ಹೋದದ್ದು 'ಅಡವಿಗೆ'. ಆ ಪದ ಓದಿ ಮರಗಿಡ ಬರೆಯುವವರುಂಟು. ನಮ್ಮ ಕಡೆ ಅಡವಿ ಎಂದರೆ ಊರಾಚೆಯ ಬಯಲು ಹೊಲವೂ ಹೌದು. ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸುಕಾಲದ ಹೊತ್ತಿಗೆ ತೊಗರಿ ಕೊಯ್ದು ಬರಿದಾದ ಎರೆಹೊಲ, ಬದುವಿನಲ್ಲಿ ಶಹಾಬಾದ್ ಕಲ್ಲು: ಇದಕ್ಕಿಂತ ಹತ್ತಿರದ ಮಾದರಿ ಬೇಕಿಲ್ಲ.

ಎಣ್ಣೆಬಣ್ಣದಲ್ಲಿ ಬರೆಯುವಾಗ 3×4 ಅಡಿ ಕ್ಯಾನ್ವಾಸಿಗೆ ಆಕೃತಿ ಮೂರನೇ ಒಂದು ಪಾಲು ಎತ್ತರ ಸಾಕು. ಕಲ್ಲಿನ ಬೂದು ಬಣ್ಣಕ್ಕೆ ಟ್ಯೂಬಿನ ಕಪ್ಪು ಬೇಡ. ಬರ್ಂಟ್ ಅಂಬರ್ ಎಂಬ ಗಾಢ ಕಂದು ಮತ್ತು ಅಲ್ಟ್ರಾಮರೀನ್ ಎಂಬ ನೀಲಿ ಬೆರೆಸಿ ಬಿಳಿ ಸೇರಿಸಿದರೆ ಉಸಿರಾಡುವ ಬೂದು ಬಣ್ಣ ಸಿಗುತ್ತದೆ. ತಲೆಯ ಸುತ್ತ ನೇರ ಬಿಳಿ ಬಳಿದರೆ ಮುಖ ಮಂಕಾಗುತ್ತದೆ. ಹಿಂದಿನ ಆಕಾಶವನ್ನು ಒಂದು ಛಾಯೆ ತಿಳಿಗೊಳಿಸಿದರಾಯಿತು. ಮೊದಲ ಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲಿನವಕ್ಕೆ ಅಗಸೆ ಎಣ್ಣೆ ಹೆಚ್ಚು. ತಿರುಗುಮುರುಗಾದರೆ ಮೇಲ್ಪದರ ಮೊದಲೇ ಒಣಗಿ ಬಿರಿಯುತ್ತದೆ. ಮೇ ತಿಂಗಳ 42 ಡಿಗ್ರಿಯಲ್ಲಿ ದಪ್ಪಗೆ ಬಳಿದ ಬಣ್ಣದ ಮೇಲೆ ಬೇಗ ಕೆನೆಗಟ್ಟಿ, ಒಳಗೆ ಹಸಿ ಉಳಿದು ಸುಕ್ಕಾಗುತ್ತದೆ. ವಾರ್ನಿಷಿಗೆ ಆರು ತಿಂಗಳು ಕಾಯಬೇಕು.

ಇಷ್ಟೆಲ್ಲ ಉಳಿಸಿಕೊಂಡ ಬಯಲು ಕೊನೆಗೆ ಕಳೆದುಹೋಗುವುದು ಫ್ಲೆಕ್ಸ್ ಅಂಗಡಿಯಲ್ಲಿ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಬ್ಯಾನರಿನ ಅಳತೆಗೆ ಕತ್ತರಿಸಿ, ಉಳಿದ ಆಕಾಶಕ್ಕೆ ವಾಕ್ಯ, ಹೂವು, ಬೆಳಕಿನ ಕಿರಣ ತುಂಬುತ್ತಾರೆ. ವಾಕ್ಯ ಬೇಕೇ ಬೇಕೆಂದರೆ ಚೌಕಟ್ಟಿನ ಕೆಳಗೆ ನಾಲ್ಕು ಇಂಚಿನ ಬೇರೆ ಪಟ್ಟಿ ಹೊಡೆಸಬಹುದು.